ಮಾವನ ಮಾತು ಕಂಪ್ಯೂಟರಿಗೆ ಇಳಿದದ್ದು

ಆ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರ ಫೋನೂ ತಟ್ಟೆಯ ಪಕ್ಕದಲ್ಲೇ ಇರಬೇಕಿತ್ತು. ಅದು ಚಟವಲ್ಲ, ಅಗತ್ಯ. ಮೂರು ವರ್ಷದ ಹಿಂದೆ ಮಾವನಿಗೆ ಗಂಟಲಿನ ಆಪರೇಷನ್ ಆಗಿ, ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಜೀವ ಉಳಿಯಿತು, ದನಿ ಹೋಯಿತು. ಅಂದಿನಿಂದ ಅವರು ಹೇಳಬೇಕಾದ್ದನ್ನೆಲ್ಲ ಫೋನಿನಲ್ಲಿ ಒತ್ತಿ ‘ನಮ್ಮನೆ’ ಅನ್ನುವ ಗುಂಪಿಗೆ ಕಳಿಸುತ್ತಿದ್ದರು. ಟಿಣ್ ಅಂದರೆ ಮಾವ ಮಾತಾಡಿದರು ಎಂದು ಅರ್ಥ.

ಆದರೆ ಅವರ ದಪ್ಪ ಬೆರಳಿಗೆ ಆ ಪುಟ್ಟ ಅಕ್ಷರಗಳು ಸಿಗುತ್ತಲೇ ಇರಲಿಲ್ಲ. ಒಂದು ಬೆರಳಿನಲ್ಲಿ ಕುಟ್ಟಿ, ಅಳಿಸಿ, ಮತ್ತೆ ಕುಟ್ಟಿ ಕಳಿಸುವಷ್ಟರಲ್ಲಿ ಮಾತು ಇನ್ನೆಲ್ಲಿಗೋ ಹೋಗಿರುತ್ತಿತ್ತು. ಮೊಟ್ಟೆಗೆ ಉಪ್ಪು ಸಾಲದು ಅನ್ನುವ ದೂರು ಎಲ್ಲರೂ ಕೈ ತೊಳೆಯುವಾಗ ಬರುತ್ತಿತ್ತು. ಮೊದಮೊದಲು ಸ್ಲೇಟು ಕೊಟ್ಟು ನೋಡಿದ್ದೂ ಆಗಿತ್ತು. ಕಚೇರಿಯಲ್ಲಿ ಬೆರಳಚ್ಚುಗಾರರಾಗಿ ಆಯುಸ್ಸು ಕಳೆದವರು. ಅವರ ಕೈಬರಹ ಅವರಿಗೇ ಓದಲು ಬರುತ್ತಿರಲಿಲ್ಲ.

ಅತ್ತೆಯ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಗುಂಪೂ ಇಲ್ಲ, ಟಿಣ್ಣೂ ಇಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಗಂಡನ ಹುಬ್ಬು ಒಂದು ಕೂದಲೆಳೆ ಮೇಲೇರಿದರೆ ಸಾಕು, “ಅವರು ಹೀಗಂತಿದಾರೆ” ಎಂದು ಅತ್ತೆ ಹೇಳಿ ಮುಗಿಸಿಬಿಡುತ್ತಿದ್ದರು.

ಸೊಸೆ ಮನೆಯಲ್ಲೇ ಪರದೆ ಹೊಲಿಯುವವಳು. ನಡುಕೋಣೆಯ ಕಿಟಕಿಯ ಬಳಿ ಅವಳ ಹೊಲಿಗೆ ಯಂತ್ರ, ಅದರ ಸುತ್ತ ಬಟ್ಟೆಯ ಸುರುಳಿ, ಕೊಕ್ಕೆ, ಉಂಗುರ, ನೂಲು. ಊಟದ ಹೊತ್ತಿಗೆ ಎಲ್ಲವನ್ನೂ ಮೂಲೆಗೆ ತಳ್ಳಬೇಕು, ಊಟವಾದ ಮೇಲೆ ಮತ್ತೆ ಹರಡಬೇಕು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ನರ್ಸಿಂಗ್ ಓದುತ್ತಿದ್ದಳು. ವಾರವೆಲ್ಲ ಹಾಸ್ಟೆಲು, ಭಾನುವಾರ ಮನೆ. ಕೂತಲ್ಲಿ ಕೂರದ ಹುಡುಗಿಯಾದ್ದರಿಂದ ಮನೆಯವರ ಬಾಯಲ್ಲಿ ಅವಳು ಕಿಡಿ.

ಆ ತಿಂಗಳು ಸೊಸೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪಕ್ಕದ ಬೀದಿಯ ರಂಗಮಂದಿರ ಹೊಸದಾಗುತ್ತಿತ್ತು. ಅಲ್ಲಿನ ಮ್ಯಾನೇಜರಮ್ಮ ತಾವೇ ಹುಡುಕಿಕೊಂಡು ಬಂದು, ವೇದಿಕೆಯ ಪರದೆ ಹೊಲಿದುಕೊಡುತ್ತೀರಾ ಎಂದು ಕೇಳಿದ್ದರು. ಕಡುಗೆಂಪು ಮಖಮಲ್ಲು, ಒಂದೊಂದು ಸುರುಳಿ ಎತ್ತುವುದಕ್ಕೇ ಇಬ್ಬರು ಬೇಕು. ಕಿಟಕಿಬಾಗಿಲ ಪರದೆ ಹೊಲಿದೇ ಬೆನ್ನು ಬಗ್ಗಿಸಿಕೊಂಡವಳಿಗೆ ಸಭಿಕರೆಲ್ಲ ಕಣ್ಣು ನೆಟ್ಟು ನೋಡುವ ಪರದೆ! ಆದರೆ ಮ್ಯಾನೇಜರಮ್ಮ ನಡುಕೋಣೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿ, “ಹರಡೋಕೆ ಜಾಗ ಎಲ್ಲಿದೆ ನಿಮಗೆ? ಅದೊಂದು ಮಾಡ್ಕೊಳ್ಳಿ. ತಿಂಗಳ ಕೊನೆಗೆ ಬಂದು ಕೇಳ್ತೀನಿ, ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ” ಎಂದು ಹೋಗಿದ್ದರು.

ಜಾಗ ಇತ್ತು. ಬೀದಿಗೆ ತೆರೆಯುವ ಮುಂದಿನ ಕೋಣೆ, ಉದ್ದಕ್ಕೆ, ಬೆಳಕಾಗಿ. ಆದರೆ ಅಲ್ಲಿ ಮಾವನ ಮಂಚ.

ಊಟದ ಹೊತ್ತಿನಲ್ಲಿ ಧೈರ್ಯ ಮಾಡಿ ಅವಳು ಮಾತೆತ್ತಿದಳು. “ಮಾವ, ನೀವು ಹಿಂದಿನ ಕೋಣೆಗೆ ಹೋದ್ರೆ ನಾನು ಮುಂದಿನ ಕೋಣೇಲಿ ದೊಡ್ಡ ಮೇಜು ಹಾಕ್ಕೋಬಹುದು. ಏನಂತೀರಿ?”

ಮಾವ ತಟ್ಟೆ ಸರಿಸಿ ಫೋನು ಕೈಗೆತ್ತಿಕೊಂಡರು. ಅಷ್ಟರಲ್ಲಿ ಅತ್ತೆ ಸೂಪಿನ ಸೌಟನ್ನು ಪಾತ್ರೆಗೆ ಬಡಿದರು. “ಅವರಿಗೆ ಇಷ್ಟ ಇಲ್ಲ.”

“ಅವರೇ ಹೇಳ್ಲಿ ಅತ್ತೆ.”

“ಮುಖ ನೋಡಿದ್ರೆ ಗೊತ್ತಾಗಲ್ವಾ? ಇಷ್ಟು ವರ್ಷ ಸಂಸಾರ ಮಾಡಿದವಳು ನಾನು.”

“ಅಪ್ಪನ್ನ ಅಲ್ಲಿಂದ ಎಬ್ಬಿಸೋದು ಬೇಡ ಬಿಡು” ಎಂದ ಗಂಡ. ಜಗಳ ಬೆಳೆಯದಿರಲಿ ಎಂದು ಅವನೇ ಮಾತು ತಿರುಗಿಸಿದ. “ನಮ್ಮ ಡಿಪೋದ ವೆಲ್ಡರ್ ತನ್ನ ಹಳೇ ಸ್ಕೂಟರ್ ಕೊಡ್ತಾನಂತೆ. ಇಂಜಿನ್ ಸ್ವಲ್ಪ ಬಿಚ್ಚಿ ಜೋಡಿಸಿದ್ರೆ ಓಡತ್ತೆ. ತಗೊಳ್ಳೋಣ ಅಂತ ನೋಡ್ತಿದೀನಿ.”

“ಬಿಚ್ಚಿದ್ದು ಒಂದಾದ್ರೂ ಜೋಡಿಸಿದ್ದುಂಟಾ ನೀವು?” ಎಂದು ಅವಳು ಅನ್ನುವುದಕ್ಕೂ ಟಿಣ್ ಅನ್ನುವುದಕ್ಕೂ ಸರಿಹೋಯಿತು.

“ತಗೊಳ್ಳಲಿ. ನನ್ನ ಅಡ್ಡಿ ಇಲ್ಲ.”

“ನೋಡಿದ್ಯಾ!” ಗಂಡ ತೊಡೆ ತಟ್ಟಿಕೊಂಡ. “ಅಪ್ಪನೇ ಹೇಳಿಬಿಟ್ರು.”

ಮಾವ ಚಮಚೆಯಿಂದ ತಟ್ಟೆಗೆ ಟಣಟಣ ಬಡಿದರು, ಕೈಯೆತ್ತಿ ಆಡಿಸಿದರು. “ಖುಷಿ ಆಗಿದೆ ಅವರಿಗೆ” ಎಂದರು ಅತ್ತೆ. ಮಾವ ಮುಂದಿನ ಕೋಣೆಯ ಕಡೆ ಬೆರಳು ತೋರಿಸಿದರು. “ಮಲಗಬೇಕಂತೆ” ಎಂದು ಅತ್ತೆ ಹೋಗಿ ಹಾಸಿಗೆ ಕೊಡವಿದರು. ಮಾವ ಮತ್ತೆ ಫೋನು ಹಿಡಿದು ಒತ್ತಿದರು, ಒತ್ತಿದರು, ಟಿಣ್ ಅನ್ನಲೇ ಇಲ್ಲ. ಫೋನು ತುಂಬಿಹೋಗಿತ್ತು. ಜಾಗ ಇಲ್ಲ, ಏನಾದರೂ ಅಳಿಸಿ ಎಂದು ಪರದೆಯ ಮೇಲೆ ಬರೆದುಕೊಂಡು ಕಲ್ಲಿನಂತೆ ಕೂತುಬಿಟ್ಟಿತು.

“ಎಲ್ಲ ಅಳಿಸಿ ಹಾಕ್ತೀನಿ ಕೊಡಿ ಅಪ್ಪ, ಹಗುರಾಗತ್ತೆ” ಎಂದು ಮಗ ಕೈ ಚಾಚಿದ. ಮಾವ ಫೋನನ್ನು ಎದೆಗವಚಿಕೊಂಡು ತಲೆ ಅಲ್ಲಾಡಿಸಿದರು. ಆ ನೋಟ ನೋಡಿ ಸೊಸೆಗೆ ಕಸಿವಿಸಿಯಾಯಿತು. ಮೂರು ವರ್ಷ ಅವರು ಆಡಿದ ಮಾತೆಲ್ಲ ಅದರೊಳಗೆ ಇತ್ತು. ಅಳಿಸಿದರೆ ಆಡಿದ್ದೇ ಇಲ್ಲ ಅಂದಹಾಗೆ.

“ಬೇಡ ಬಿಡಿ” ಎಂದಳು. “ಕಿಡಿ ಬರ್ಲಿ, ಅವಳಿಗೆ ಗೊತ್ತಿರತ್ತೆ.”

ಮರುದಿನವೇ ಸ್ಕೂಟರು ಬಂದು ಮನೆಯ ಮುಂದೆ ನಿಂತಿತು. ಅದನ್ನು ತಳ್ಳಿಕೊಂಡೇ ತಂದಿದ್ದರು. ಮಾವ ಅದನ್ನು ನೋಡಿ ಹಣೆ ಚಚ್ಚಿಕೊಂಡರು. “ತಲೆನೋವಂತೆ” ಎಂದು ಅತ್ತೆ ಮುಲಾಮು ತಂದರು.

ಭಾನುವಾರ ಕಿಡಿ ಬರಿಗೈಯಲ್ಲಿ ಬರಲಿಲ್ಲ. ಮುಚ್ಚಿಹೋಗುತ್ತಿದ್ದ ಯಾವುದೋ ತರಬೇತಿ ಕೇಂದ್ರದವರು ಸಾಮಾನು ಮಾರುತ್ತಿದ್ದರೆಂದು, ತನ್ನ ಓದಿಗೆ ಒಂದು ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ದೊಡ್ಡ ಡಬ್ಬ, ದೊಡ್ಡ ಪರದೆ, ಇಟ್ಟಿಗೆಯಂಥ ಕೀಲಿಮಣೆ. ಅವಳ ಪುಸ್ತಕಗಳಿದ್ದ ಹಿಂದಿನ ಕೋಣೆಯಲ್ಲಿ ಅದಕ್ಕೆ ಜಾಗವಾಯಿತು. ಅಜ್ಜನ ಫೋನಿನ ಕತೆ ಕೇಳಿದವಳೇ ಚಪ್ಪಲಿಯನ್ನೂ ಬಿಡದೆ ಕೂತಳು.

“ಅಳಿಸೋದು ಆಮೇಲೆ. ಮೊದಲು ಎಲ್ಲ ಇದರೊಳಗೆ ಇಳಿಸ್ಕೊಳ್ಳೋಣ. ಫೋಟೋ, ವಿಡಿಯೋ, ಅಜ್ಜನ ಮಾತು, ಒಂದೂ ಬಿಡಲ್ಲ.”

“ಕಟ್ ಮಾಡಿ ಹಾಕು, ಬೇಗ ಆಗತ್ತೆ” ಎಂದ ಅಪ್ಪ ಹಿಂದೆ ನಿಂತು.

“ಮಧ್ಯದಲ್ಲಿ ಏನಾದ್ರೂ ಆದ್ರೆ ಅಲ್ಲೂ ಇಲ್ಲ ಇಲ್ಲೂ ಇಲ್ಲ ಆಗತ್ತೆ ಅಪ್ಪ. ಇದು ನಿನ್ನ ಸ್ಕೂಟರ್ ಅಲ್ಲ. ನಕಲು ಮಾಡ್ಕೊಳ್ಳೋದು, ಬಂದಿದೆಯಾ ಅಂತ ನೋಡೋದು, ಆಮೇಲೆ ಅಳಿಸೋದು.”

ಫೋನಿನ ತೂತು ಸವೆದು ವೈರು ನಿಲ್ಲುತ್ತಿರಲಿಲ್ಲ. ಸೊಸೆ ಪರದೆಗೆ ಹಾಕುವ ಕ್ಲಿಪ್ಪು ತಂದು ಅದನ್ನು ಕಚ್ಚಿಸಿದಳು. ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಆಮೆಯ ಹಾಗೆ ಹೊರಟಿತು. ಎಲ್ಲರೂ ಸುತ್ತುವರಿದು ನಿಂತರು. ಹತ್ತು, ಇಪ್ಪತ್ತು, ಮೂವತ್ತು… ಮಾವ ಎರಡೂ ಕೈ ಮುಷ್ಟಿ ಕಟ್ಟಿಕೊಂಡಿದ್ದರು. “ಬಾ, ಬಾ, ಬಾ” ಎಂದು ಕಿಡಿ ಓಟದ ಕುದುರೆಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಅರ್ಧ ದಾಟಿತು. ಮುಕ್ಕಾಲಿಗೆ ಬಂತು.

ಟಪ್ ಎಂದು ಎಲ್ಲ ಕತ್ತಲಾಯಿತು.

“ಅಜ್ಜೀ!”

ಅತ್ತೆ ಬಾಗಿಲಲ್ಲಿ ನಿಂತಿದ್ದರು, ಒಂದು ಕೈಯಲ್ಲಿ ಕಂಪ್ಯೂಟರಿನ ಪ್ಲಗ್ಗು, ಇನ್ನೊಂದರಲ್ಲಿ ಇಸ್ತ್ರಿಪೆಟ್ಟಿಗೆ. “ಏನೀಗ? ಬಟ್ಟೆ ಇಸ್ತ್ರಿ ಮಾಡೋದು ಬೇಡ್ವಾ? ಎಲ್ಲರೂ ಗೋಡೆ ನೋಡಿದ ಹಾಗೆ ಅದನ್ನ ನೋಡ್ತಾ ನಿಂತಿದೀರಿ.”

“ಅಜ್ಜನ ಮಾತು ಇಳಿಸ್ತಿದ್ವಿ ಅಜ್ಜಿ!”

“ಅವರ ಮಾತು ನಂಗೆ ಗೊತ್ತು. ಪೆಟ್ಟಿಗೆಗೆ ಇಳಿಸೋದೇನಿದೆ?” ಪ್ಲಗ್ಗನ್ನು ನೆಲಕ್ಕೆ ಬಿಟ್ಟು ಅತ್ತೆ ಹೊರಟುಹೋದರು.

ಮೊದಲಿಂದ ಶುರುವಾಯಿತು. ನಕಲು ಮಾಡುತ್ತಿದ್ದದ್ದರಿಂದ ಫೋನಿನಲ್ಲಿದ್ದದ್ದು ಹಾಗೇ ಇತ್ತು. ಗಂಡ ಗಂಟಲು ಸರಿಮಾಡಿಕೊಂಡು ಬೇರೆಡೆ ನೋಡಿದ. ಈ ಸಲ ಸೊಸೆ ಪ್ಲಗ್ಗಿನ ಮುಂದೆ ಸ್ಟೂಲು ಹಾಕಿಕೊಂಡು ಕಾವಲು ಕೂತಳು. ಪಟ್ಟಿ ಕೊನೆ ಮುಟ್ಟಿದಾಗ ಕಿಡಿ ಕುರ್ಚಿ ಬಿಟ್ಟು ಹಾರಿದಳು. ಬಂದಿದೆಯಾ ನೋಡೋಣ ಎಂದು ಯಾವುದೋ ಹಳೆಯ ದನಿಯ ಸಂದೇಶವೊಂದನ್ನು ಒತ್ತಿದಳು.

“ಯಾರದು ನಲ್ಲಿ ಬಿಟ್ಟಿದ್ದು? ಹೋಗಿ ನಿಲ್ಸಿ ಮೊದಲು! ನೀರೆಲ್ಲ ಚರಂಡಿ ಪಾಲು!”

ಮಾವನ ದನಿ. ಆಪರೇಷನ್ನಿಗೆ ಮುಂಚಿನದು, ಮನೆ ನಡುಗುವಂಥದು. ಅಡುಗೆಮನೆಯಲ್ಲಿ ದಡಬಡ ಹೆಜ್ಜೆ ಕೇಳಿಸಿತು. ಹಿಂದೆಯೇ ನಲ್ಲಿಯನ್ನು ಕಿರ್ರೆಂದು ಬಿಗಿಯಾಗಿ ತಿರುಗಿಸಿದ ಸದ್ದು. ಅತ್ತೆ ಸೆರಗಿಗೆ ಕೈ ಒರೆಸುತ್ತ ಓಡಿಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಮಾವನ ಮುಖ ನೋಡಿದರು, ಕಂಪ್ಯೂಟರ್ ನೋಡಿದರು. ಮಾವನ ಹೆಗಲು ಕುಲುಕಾಡತೊಡಗಿತು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು. ಅತ್ತೆ ಸೆರಗು ಕೊಡವಿ ಒಳಗೆ ಹೋದರು.

ಕಿಡಿ ಫೋನಿನಲ್ಲಿದ್ದ ಶುಭೋದಯದ ಹೂವು, ದೀಪ, ಹಸುಗೂಸುಗಳನ್ನೆಲ್ಲ ಗುಡಿಸಿ ಹಾಕಿದಳು. ಫೋನಿಗೆ ಉಸಿರು ಬಂತು. ಆಮೇಲೆ ಕಂಪ್ಯೂಟರಿನ ಪರದೆಯ ಮೇಲೆ ಕಪ್ಪುಬಿಳುಪಿನ ಚೌಕವೊಂದನ್ನು ಬರಿಸಿ, ಅಜ್ಜನ ಫೋನಿನ ಕ್ಯಾಮೆರಾವನ್ನು ಅದಕ್ಕೆ ಹಿಡಿದಳು. ‘ನಮ್ಮನೆ’ ಗುಂಪು ಅಂಗೈಯಗಲದಿಂದ ಹಾರಿ ಆ ದೊಡ್ಡ ಪರದೆಯ ತುಂಬ ಹರಡಿಕೊಂಡಿತು.

“ಅಜ್ಜ, ಇನ್ಮೇಲೆ ಅಲ್ಲಿ ಒತ್ತಿದ್ರೆ ಇಲ್ಲಿ ಬರತ್ತೆ, ಇಲ್ಲಿ ಒತ್ತಿದ್ರೆ ಎಲ್ಲರ ಫೋನಿಗೂ ಹೋಗತ್ತೆ. ಕೂತ್ಕೋ.”

ಮಾವ ಕುರ್ಚಿ ಎಳೆದುಕೊಂಡರು. ಬೆನ್ನು ನೆಟ್ಟಗಾಯಿತು. ಮಣಿಕಟ್ಟು ಮೇಲೆದ್ದು, ಹತ್ತು ಬೆರಳೂ ಕೀಲಿಮಣೆಯ ಮೇಲೆ ಒಂದು ಗಳಿಗೆ ಸುಮ್ಮನೆ ನಿಂತವು. ಆಮೇಲೆ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಟಕಟಕಟಕ!

ಟಿಣ್. ಟಿಣ್. ಟಿಣ್. ಸೊಸೆಯ ಫೋನು, ಗಂಡನ ಫೋನು, ಕಿಡಿಯ ಫೋನು ಒಟ್ಟಿಗೆ ಕೂಗಿಕೊಂಡವು.

“ಆ ಸ್ಕೂಟರನ್ನು ಯಾರು ತಗೋ ಅಂದರು?”

“ನೀವೇ ಅಲ್ವಾ ಅಪ್ಪ…”

ಅವನ ಮಾತು ಮುಗಿಯಲಿಲ್ಲ. ಟಿಣ್. “ನಾನು ಹೇಳಿದ್ದು ಕೋಣೆ. ಸೊಸೆ ಕೋಣೆ ತಗೊಳ್ಳಲಿ ಅಂದೆ.” ಟಿಣ್. “ಅಷ್ಟು ದೊಡ್ಡ ಕೆಲಸ ಬಂದಿದೆ, ನನ್ನ ಮಂಚಕ್ಕೆ ಬೀದಿಬದಿಯ ಕೋಣೆ ಯಾಕೆ?” ಟಿಣ್. “ನೀನು ಆ ತಗಡನ್ನು ವಾಪಸ್ ತಳ್ಳಿಕೊಂಡು ಹೋಗು.”

ಸೊಸೆ ಓದಿದಳು, ಮತ್ತೆ ಓದಿದಳು. “ಮಾವ!” ಎಂದು ಸ್ಟೂಲಿನಿಂದ ಎದ್ದ ರಭಸಕ್ಕೆ ಪ್ಲಗ್ಗೇ ಕಿತ್ತುಬರುವುದರಲ್ಲಿತ್ತು. ಕಿಡಿ ಚಪ್ಪಾಳೆ ತಟ್ಟಿದಳು. ಗಂಡನೂ ನಗತೊಡಗಿದ, ತಲೆ ಕೆರೆದುಕೊಳ್ಳುತ್ತ. ಮೂರು ವರ್ಷ ಬಾಗಿಲ ಹೊರಗೆ ನಿಂತಿದ್ದವರು ಒಳಗೆ ಕಾಲಿಟ್ಟ ಹಾಗೆ ಮಾವ ಎಲ್ಲರ ಮಾತಿಗೂ ಮಾತು ಕೊಟ್ಟರು. ಕಿಡಿಯ ಕೂದಲು, ಡಿಪೋದ ಸಂಬಳ, ಸೂಪಿನ ಖಾರ, ಯಾವುದನ್ನೂ ಬಿಡಲಿಲ್ಲ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. “ಏನಂತೆ ಅವರದು?”

“ಕೋಣೆ ತಗೋ ಅಂದ್ರು ಅತ್ತೆ! ಆವತ್ತೇ ಅಂದಿದ್ರಂತೆ!”

ಅತ್ತೆ ಬಂದು ನಿಂತರು. “ಅವರು ಬೇಡ ಅಂದಿದ್ರು. ನಾನು ನೋಡಿದೀನಿ.”

ಟಿಣ್. ಕಿಡಿ ಹಿಂದುಮುಂದು ನೋಡದೆ ಗಟ್ಟಿಯಾಗಿ ಓದಿಬಿಟ್ಟಳು. “ನಾನೆಲ್ಲಿ ಬೇಡ ಅಂದೆ? ಬೇಡ ಅಂದವಳು ನೀನು.”

ಅತ್ತೆಯ ಮುಖ ಸಪ್ಪಗಾಯಿತು. “ಸರಿ. ಇನ್ನು ನನ್ನ ಬಾಯಿ ಯಾಕೆ ಬೇಕು? ಪೆಟ್ಟಿಗೆ ಬಂತಲ್ಲ” ಎಂದು ಸೌಟನ್ನು ಅಲ್ಲೇ ಮೇಜಿನ ಮೇಲಿಟ್ಟು ಹೋದರು.

ಆ ವಾರವೆಲ್ಲ ಮನೆಯಲ್ಲಿ ಮಾತಾಡುತ್ತಿದ್ದವರು ಮಾವ, ಮೌನವಾಗಿದ್ದವರು ಅತ್ತೆ. ಬಡಿಸುತ್ತಿದ್ದರು, ಪಾತ್ರೆ ತೊಳೆಯುತ್ತಿದ್ದರು, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದರು. ಕೋಣೆ ಸಿಕ್ಕ ಸಂಭ್ರಮದಲ್ಲಿದ್ದ ಸೊಸೆಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಒಂದು ಸಂಜೆ ಕ್ಯಾರೆಟ್ ಹೆಚ್ಚುವ ನೆಪದಲ್ಲಿ ಅವರ ಪಕ್ಕ ಕೂತಳು.

“ಅತ್ತೆ, ಕೋಣೆ ಕೊಡೋಕೆ ನಿಮಗೆ ಮನಸ್ಸಿಲ್ಲ ಅಂದ್ರೆ ನೇರ ಹೇಳಿ. ಬೈಯ್ಯಿರಿ ಬೇಕಾದ್ರೆ. ಹೀಗೆ ಇರ್ಬೇಡಿ.”

“ಕೋಣೆ ಏನು ನಾನು ಹೊತ್ಕೊಂಡು ಹೋಗ್ತೀನಾ?” ಅತ್ತೆ ಚಾಕು ಕೆಳಗಿಟ್ಟರು. “ಮುಂದಿನ ಕೋಣೆ ಅಡುಗೆಮನೆಗೆ ಅಂಟ್ಕೊಂಡಿದೆ. ಕೆಲಸ ಮಾಡ್ತಾನೇ ಅವರ ಉಸಿರು ಕೇಳ್ಸತ್ತೆ ನಂಗೆ. ಹಿಂದಿನ ಕೋಣೇಲಿ ಕಫ ಕಟ್ಟಿದ್ರೆ ಯಾರಿಗೆ ಗೊತ್ತಾಗತ್ತೆ? ಬೇರೆಯವರಾದ್ರೆ ಕೂಗ್ತಾರೆ. ಅವರು ಹೆಂಗೆ ಕೂಗ್ತಾರೆ ಹೇಳು?”

ಸೊಸೆ ಕ್ಯಾರೆಟ್ ಕೆಳಗಿಟ್ಟಳು.

“ಇದನ್ನ ಆವತ್ತೇ ಹೇಳಬಾರದಿತ್ತಾ ಅತ್ತೆ?”

“ಅವರ ಮುಂದೆ ಹೇಳೋದಾ? ನಿಮಗೆ ಕೂಗೋಕಾಗಲ್ಲ ಅಂತ?”

ಸೊಸೆ ಎದ್ದಳು. ಅತ್ತೆಯ ಮಣಿಕಟ್ಟು ಹಿಡಿದು, ಬೇಡ ಅಂದರೂ ಬಿಡದೆ, ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ ಮಾವನ ಪಕ್ಕದಲ್ಲಿ ಕೂರಿಸಿದಳು. “ಇದರಲ್ಲಿ ಅಕ್ಷರ ದೊಡ್ಡದು ಮಾಡಬಹುದಂತೆ, ಕಿಡಿ ಹೇಳ್ಕೊಟ್ಟಿದಾಳೆ” ಎನ್ನುತ್ತ ಒಂದು ಕೀಲಿ ಒತ್ತಿ ಹಿಡಿದು ಇನ್ನೊಂದನ್ನು ತಟ್ಟಿದಳು. ಅಕ್ಷರಗಳು ಉಬ್ಬಿ ಉಬ್ಬಿ ಅಂಗಡಿಯ ಬೋರ್ಡಿನಷ್ಟಾದವು. “ಓದಿ ಅತ್ತೆ. ನಿಮಗೆ ಯಾರೂ ಓದಿ ಹೇಳೋದು ಬೇಡ.”

“ನಂಗೇನೂ ಓದೋದಿಲ್ಲ ಅದರಲ್ಲಿ” ಎಂದು ಅತ್ತೆ ಮುಖ ತಿರುಗಿಸಿದರು. ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮೌಸು ಹಿಡಿದು ಪುಟವನ್ನು ಮೇಲೆ, ಮೇಲೆ, ಇನ್ನೂ ಮೇಲೆ ಸರಿಸಿದರು. ತಿಂಗಳುಗಳು ಹಿಂದೆ ಓಡಿದವು. ಆಸ್ಪತ್ರೆಯಿಂದ ಮನೆಗೆ ಬಂದ ದಿನಗಳಿಗೆ ಬಂದು ನಿಂತರು. ಅತ್ತೆಯ ಕಣ್ಣು ಓರೆಯಾಗಿ ಆ ಕಡೆ ಹೊರಳಿತು. ಆಮೇಲೆ ತುಟಿ ಅಲುಗಿತು.

“ಅವಳು… ಊಟ ಮಾಡಿದಳಾ, ಯಾರಾದರೂ ಕೇಳಿ.”

ಮುಂದಿನದು. “ಬೆಳಗಿನಿಂದ ನಿಂತೇ ಇದ್ದಾಳೆ. ಕೂತುಕೊಳ್ಳಲು ಹೇಳಿ.”

ಅದರ ಕೆಳಗೆ ಇನ್ನೊಂದು. “ಅವಳಿಗೂ ಒಂದು ಒಳ್ಳೆ ಫೋನು ಕೊಡಿಸಿ. ನನಗೆ ಅವಳ ಹತ್ತಿರ ಮಾತಾಡುವುದಿದೆ.”

ಒಂದೊಂದರ ಕೆಳಗೂ ಮನೆಯವರು ಒತ್ತಿದ ಹೆಬ್ಬೆರಳಿನ ಗುರುತು. ಅದರಲ್ಲಿ ಸೊಸೆಯದೂ ಇತ್ತು. ಓದಿದ್ದಳು, ಹೆಬ್ಬೆರಳು ಒತ್ತಿದ್ದಳು, ಯಂತ್ರ ತುಳಿಯುತ್ತ ಮರೆತುಬಿಟ್ಟಿದ್ದಳು. ಒಂದನ್ನೂ ಅತ್ತೆಗೆ ಮುಟ್ಟಿಸಿರಲಿಲ್ಲ.

ಅತ್ತೆ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಮತ್ತೆ ಒಂದಷ್ಟು ಓದಿದರು. ಆಮೇಲೆ ಥಟ್ಟನೆ ಬೆರಳನ್ನು ಪರದೆಗೆ ಕುಟ್ಟಿದರು. “ಏನಿದು? ‘ಇವತ್ತಿನ ಸೂಪಿಗಿಂತ ಪಾತ್ರೆ ತೊಳೆದ ನೀರು ವಾಸಿ’ ಅಂತ ಬರೆದಿದೀರಲ್ಲ! ಡಾಕ್ಟರು ಉಪ್ಪು ಹಾಕ್ಬೇಡಿ ಅಂದಿದ್ರು! ಮೂರು ವರ್ಷದಿಂದ ನನ್ನ ಬೆನ್ನ ಹಿಂದೆ ಇದನ್ನೇ ಆಡ್ಕೊಂಡು ಬಂದಿದೀರಾ?”

ಟಕಟಕಟಕ. “ಬೆನ್ನ ಹಿಂದೆ ಅಲ್ಲ. ನಿನ್ನ ಮುಂದೆಯೇ ಕೂತು ಆಡಿದ್ದು. ನಿನಗೆ ಕೇಳಲಿಲ್ಲ.”

“ಕೇಳದೆ ಏನು, ಮುಖದಲ್ಲೇ ಬರೆದಿತ್ತು! ಆದ್ರೂ ಇಷ್ಟು ಕೊಂಕು ಅಂತ ಗೊತ್ತಿರ್ಲಿಲ್ಲ!”

ಸೊಸೆ ಸದ್ದಿಲ್ಲದೆ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಕ್ಯಾರೆಟ್ ಅವಳೇ ಹೆಚ್ಚಿದಳು, ಸೂಪು ಅವಳೇ ಮಾಡಿದಳು. ಊಟಕ್ಕೆ ಕರೆಯಲು ಹೋದಾಗ ಅತ್ತೆ ಕನ್ನಡಕ ಮೂಗಿನ ತುದಿಗೆ ಜಾರಿದ್ದರೂ ಓದುತ್ತಲೇ ಇದ್ದರು.

“ಊಟ ಆಮೇಲೆ” ಎಂದರು, ತಿರುಗಿ ನೋಡದೆ. “ಇನ್ನೂ ಮೊದಲನೇ ವರ್ಷ ಮುಗಿದಿಲ್ಲ. ಎಲ್ಲಕ್ಕೂ ಉತ್ತರ ಕೊಡಬೇಕು ನಾನು.” ಆಮೇಲೆ, ಅದೇ ಉಸಿರಿನಲ್ಲಿ ಸೇರಿಸಿದರು. “ಮತ್ತೆ ಕೇಳು, ಮಂಚದ ಜೊತೆ ನನ್ನ ಹಾಸಿಗೇನೂ ಇಲ್ಲಿಗೇ ಬರ್ಲಿ. ಇವರಿಗೆ ಕೂಗೋ ಕೆಲಸವೇ ಬೇಡ.”

ಮುಂದಿನ ಭಾನುವಾರ ಮನೆಯೆಲ್ಲ ಜಾತ್ರೆಯಾಯಿತು. ಗಂಡ ಮಂಚ ಬಿಚ್ಚಿದ, ಆಶ್ಚರ್ಯವೆಂದರೆ ಮತ್ತೆ ಜೋಡಿಸಿದ. ಕಿಡಿ ತನ್ನ ಪುಸ್ತಕ ಹೊತ್ತು ನಡುಕೋಣೆಗೆ ಬಂದಳು. “ಹೊಸ ಸಂಸಾರ ಹೂಡ್ತಿದೀರಾ ಅಜ್ಜಿ? ನಾನು ಬಾಗಿಲು ತಟ್ಟಿ ಬರ್ಬೇಕಾ ಇನ್ಮೇಲೆ?” ಎಂದು ಕೇಳಿ ಬೆನ್ನ ಮೇಲೊಂದು ಗುದ್ದು ತಿಂದಳು. ಹಳೆಯ ಬಾಗಿಲ ಹಲಗೆಗಳನ್ನು ಸೇರಿಸಿ ಮುಂದಿನ ಕೋಣೆಯ ಉದ್ದಕ್ಕೂ ಮೇಜು ಮಾಡಿದರು. ಅದರ ಮೇಲೆ ಸೊಸೆ ಅಂಗೈ ಸವರಿಕೊಂಡು ಆ ತುದಿಯಿಂದ ಈ ತುದಿಗೆ ನಡೆದಳು, ಮತ್ತೆ ಈ ತುದಿಯಿಂದ ಆ ತುದಿಗೆ.

ತಿಂಗಳ ಕೊನೆಗೆ ಮ್ಯಾನೇಜರಮ್ಮ ಬಂದರು, ಮೇಜು ನೋಡಿ ತಲೆದೂಗಿ, ಸುರುಳಿಗಳನ್ನು ಕಳಿಸಿಕೊಟ್ಟರು. ಬಟ್ಟೆ ಕತ್ತರಿಸುವ ದಿನ ನೋಡಬೇಕೆಂದು ತಾವೂ ಬಂದು ಕೂತರು. ಕೆಂಪು ಮಖಮಲ್ಲು ಮೇಜಿನ ತುಂಬ ಹರಡಿ ಅಂಚಿನಿಂದ ಕೆಳಗಿಳಿದಿತ್ತು. ಸೊಸೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡು ಸಲ ಅಳೆದು, ಕತ್ತರಿ ಎತ್ತಿದಳು.

ಆಗ ಒಳಗಿನಿಂದ ಅತ್ತೆಯ ದನಿ ಮನೆ ಹಾರಿಹೋಗುವಂತೆ ಬಂತು. “ಸುಳ್ಳು! ಆವತ್ತು ನಾನು ಹಾಗೆ ಅಂದೇ ಇಲ್ಲ! ಯಾರನ್ನ ಬೇಕಾದ್ರೂ ಕೇಳಿ!”

ಮ್ಯಾನೇಜರಮ್ಮ ಬೆಚ್ಚಿದರು. “ಒಳಗೆ ಯಾರೋ ಜಗಳ ಆಡ್ತಿರೋ ಹಾಗಿದೆ?”

“ನಮ್ಮ ಅತ್ತೆ ಮಾವ ಮೇಡಂ.”

“ಒಬ್ಬರದೇ ದನಿ ಕೇಳ್ತಿದೆಯಲ್ಲ?”

ಸೊಸೆ ಕತ್ತರಿ ಹಿಡಿದ ಕೈ ತಡೆದು ಕಿವಿಗೊಟ್ಟಳು. ಟಕಟಕಟಕ, ಟಕಟಕ, ಟಕಟಕಟಕಟಕ, ಎಲ್ಲೂ ಬಿಡುವಿಲ್ಲ.

“ಇಲ್ಲ ಮೇಡಂ, ಇಬ್ಬರೂ ಮಾತಾಡ್ತಿದಾರೆ” ಎಂದಳು. “ಸರಿಯಾಗಿ ಕೇಳಿ, ಈಗ ನಮ್ಮ ಮಾವಂದೇ ಜೋರು.”

ಹಾಗೆಂದವಳೇ ಕೆಂಪು ಮಖಮಲ್ಲಿಗೆ ಕತ್ತರಿ ಹಾಕಿದಳು.